ಗೋವಾದ ಮೂರು ದಿನಗಳು, ಕಾರವಾರದ ಒಂದು ದ್ವೀಪ

ಪ್ರಶ್ನೆ: ಗೋವಾದಲ್ಲಿ ಜೂನ್ 18, ಡಿಸೆಂಬರ್ 19, ಮೇ 30 ಇವುಗಳನ್ನು ಪ್ರತ್ಯೇಕವಾಗಿ ಆಚರಿಸುವುದೇಕೆ? ಇವುಗಳಿಗೂ ನಮ್ಮ ಕರಾವಳಿಗೂ ನಂಟಿದೆಯೆ?
– ಓದುಗರೊಬ್ಬರು, ಸದಾಶಿವಗಡ

ಉತ್ತರ: 1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಅವರು ನಿಷೇಧವನ್ನು ಲೆಕ್ಕಿಸದೆ ಸಭೆ ನಡೆಸಿದ್ದರಿಂದ ಅದು ಕ್ರಾಂತಿ ದಿನವೆನಿಸಿತು, 1987ರ ಮೇ 30 ಗೋವಾ ಪೂರ್ಣ ರಾಜ್ಯವಾದ ದಿನ. ನಮಗೆ ಹತ್ತಿರದ್ದು ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡ 1961ರ ಡಿಸೆಂಬರ್ 19. ಅದಕ್ಕೂ ಹಿಂದಿನ ತಿಂಗಳು, ಕಾರವಾರದ ಎದುರಿಗಿರುವ, ಆಗ ಪೋರ್ಚುಗೀಸರ ವಶದಲ್ಲಿದ್ದ ಅಂಜುದೀವ ದ್ವೀಪದಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಲಾಗಿತ್ತು. ಡಿಸೆಂಬರ್ 18ರಂದು ಆ ದ್ವೀಪಕ್ಕೆ ಇಳಿದ ಕಾರ್ಯಾಚರಣೆಯಲ್ಲಿ ಭಾರತೀಯ ನೌಕಾಪಡೆಯ ಏಳು ಮಂದಿ ಮಡಿದರು. ವಿಮೋಚನಾ ದಿನದ ಭಾಷಣಗಳಲ್ಲಿ ಇವರಿಗೆ ಇನ್ನಷ್ಟು ಜಾಗ ಸಲ್ಲಬೇಕಿತ್ತು. ಕಾರವಾರಕ್ಕೆ ಅಷ್ಟು ಸಮೀಪವಿದ್ದರೂ ಅಂಜುದೀವ ಇಂದಿಗೂ ಗೋವಾ ರಾಜ್ಯಕ್ಕೇ ಸೇರಿದೆ.