ಏಪ ಪಿರ ಪೋಪುನಿ?

ಪ್ರಶ್ನೆ: ನನಗೆ 44 ವರ್ಷ. ದುಬೈಯಲ್ಲಿ 16 ವರ್ಷ ಇದ್ದೆ. ಮೂರು ತಿಂಗಳ ಹಿಂದೆ ಕೆಲಸ ಹೋಯಿತು, ಈಗ ಮಲ್ಪೆ ಹತ್ತಿರದ ಮನೆಯಲ್ಲಿ ಹೆಂಡತಿ, ಮಗಳ ಜೊತೆ ಇದ್ದೇನೆ. ಇನ್ನೊಂದು ಕಂಪೆನಿಯವರು ಹೇಳುತ್ತೇವೆ, ಹೇಳುತ್ತೇವೆ ಅಂತ ಎಳೆಯುತ್ತಿದ್ದಾರೆ. ಇಲ್ಲೇ ಅಂಗಡಿ ಹಾಕೋಣ ಅಂದರೆ ಅದಕ್ಕೂ ಧೈರ್ಯ ಇಲ್ಲ. ಸಿಕ್ಕಿದವರೆಲ್ಲ ‘ಏಪ ಪಿರ ಪೋಪುನಿ’, ವಾಪಸ್ ಹೋಗುವುದು ಯಾವಾಗ ಎಂದೇ ಕೇಳುತ್ತಾರೆ. ರಾತ್ರಿ ನಿದ್ದೆ ಇಲ್ಲ. ನೆಮ್ಮದಿಗೆ ಏನು ಮಾಡಲಿ?
- ಓದುಗ, ಉಡುಪಿ

ಉತ್ತರ: ಮೊದಲು ಆ ಪ್ರಶ್ನೆಯ ವಿಷಯ. ನಮ್ಮ ಕಡೆ ಅದು ‘ಊಟ ಆಯ್ತಾ’ ಇದ್ದ ಹಾಗೆ, ಕೇಳಿದವರಲ್ಲಿ ಅರ್ಧ ಜನ ಉತ್ತರಕ್ಕೂ ಕಾಯುವುದಿಲ್ಲ. ‘ಸದ್ಯ ಊರಲ್ಲೇ’ ಅಂದುಬಿಡಿ. ಸುಮ್ನೆ ‘ಮುಂದಿನ ತಿಂಗಳು’ ಅಂತ ಸುಳ್ಳು ಹೇಳಿದರೆ ಯಾರಿಗೆ ಏನು ಹೇಳಿದ್ದೆ ಎಂದು ನೆನಪಿಟ್ಟುಕೊಳ್ಳುವ ಕೆಲಸ ಬೇರೆ.

ಮಲ್ಪೆ ಹತ್ತಿರವೇ ಇದ್ದೀರಿ ಅಲ್ವಾ, ಬಂದರಿನ ಕಡೆ ಒಮ್ಮೆ ಹೋಗಿ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. ಬೋಟಿನವರಿಗೆ ಸಂಪಾದನೆ ಇಲ್ಲ, ಸಾಲದ ಚಿಂತೆ ಇದ್ದೇ ಇರುತ್ತದೆ, ಆದರೂ ಬಲೆ ರಿಪೇರಿ, ಇಂಜಿನ್ ಕೆಲಸ, ಬಣ್ಣ ಬಳಿಯುವುದು ನಡೆದೇ ಇರುತ್ತದೆ. ದಿನಾ ಬೆಳಿಗ್ಗೆ ಎದ್ದು ‘ಇವತ್ತು ಹೋಗುವುದಾ, ಬೇಡವಾ’ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಾರೀಕು ಗೊತ್ತಿದೆಯಲ್ಲ. ನಿಮ್ಮನ್ನು ಸುಸ್ತು ಮಾಡಿರುವುದು ಕೆಲಸ ಇಲ್ಲ ಅನ್ನುವುದಕ್ಕಿಂತ ಜಾಸ್ತಿ, ದಿನಾ ನಿಮಗೆ ನೀವೇ ಹಾಕಿಕೊಳ್ಳುವ ಈ ಪ್ರಶ್ನೆ ಅಂತ ನನಗನ್ನಿಸುತ್ತದೆ.

ತಾರೀಕನ್ನು ಆ ಕಂಪೆನಿ ಕೊಡುವುದಿಲ್ಲ, ನೀವೇ ಹಾಕಿಕೊಳ್ಳಿ. ಸೋಣ ತಿಂಗಳು ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಮಧ್ಯದವರೆಗೆ ಅಂತಿಟ್ಟುಕೊಳ್ಳಿ. ಅಲ್ಲಿವರೆಗೆ ದುಬೈಯಾ, ಅಂಗಡಿಯಾ ಎಂಬ ತೀರ್ಮಾನ ಬೇಡ. (ಸೋಣಕ್ಕೆ ಮುಂಚಿನ ಆಟಿ ತಿಂಗಳಲ್ಲಿ ನಮ್ಮ ಹಿರಿಯರೂ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳುತ್ತಿರಲಿಲ್ಲ. ಅವರನ್ನು ಯಾರೂ ಸೋಮಾರಿ ಅನ್ನಲಿಲ್ಲ.) ಒಂದು ಕೆಲಸ ಮಾತ್ರ ಈ ವಾರವೇ ಮಾಡಿ: ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳಿಗೆ ಸಾಕು ಎಂದು ಹೆಂಡತಿ ಜೊತೆ ಕೂತು ಹಾಳೆಯಲ್ಲಿ ಬರೆಯಿರಿ. ಇಷ್ಟುದ್ದದ ಪತ್ರದಲ್ಲಿ ಅವರು ಒಂದೇ ಪದದಲ್ಲಿ ಬಂದು ಹೋದರು, ಅದು ನನಗೆ ಸ್ವಲ್ಪ ಕಸಿವಿಸಿ ಆಯಿತು.

ನಿದ್ದೆ ವಿಷಯ ಮಾತ್ರ ಕಾಯಿಸಬೇಡಿ. ವಾರಗಟ್ಟಲೆ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಂದ ಹಾಗೆ, ಅಂಗಡಿ ಯಾವುದರದ್ದು ಅಂತ ಬರೆದೇ ಇಲ್ಲ ನೀವು.