ಊರು ಆಮೇಲೆ, ಮೊದಲು ಮಕ್ಕಳ ವಯಸ್ಸು ನೋಡಿ
ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಮಣಿಪಾಲ. ಯಜಮಾನರನ್ನು ಕಂಪನಿಯವರು ಎರಡು ವರ್ಷದ ಮಟ್ಟಿಗೆ ಜರ್ಮನಿಯ ಸ್ಟುಟ್‌ಗಾರ್ಟಿಗೆ ಕಳಿಸಿದ್ದಾರೆ, ನಾವೂ ಜೊತೆಗಿದ್ದೇವೆ. ಮಗನಿಗೆ ಬರುವ ಫೆಬ್ರವರಿಗೆ 16 ತುಂಬುತ್ತದೆ, ಮಗಳಿಗೆ ಜೂನ್‌ಗೆ 15. ಸ್ವಿಟ್ಜರ್ಲೆಂಡ್, ಪ್ಯಾರಿಸ್, ಇಟಲಿ ನೋಡಬೇಕೆಂದಿದೆ. ಯಾವುದನ್ನು ಮೊದಲು ಇಟ್ಟುಕೊಳ್ಳಬೇಕು? ಮಕ್ಕಳು ಈಗ ನಾವು ಹೇಳಿದಲ್ಲಿಗೆಲ್ಲ ಬರಲು ಒಪ್ಪುವುದೂ ಇಲ್ಲ.

ಉತ್ತರ: ಒಂದು ಹಾಳೆಯಲ್ಲಿ ಮಕ್ಕಳ ಹುಟ್ಟಿದ ದಿನ, ಶಾಲೆಯ ರಜೆಗಳು, ನಾಲ್ವರ ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಪರ್ಮಿಟ್ ಮುಗಿಯುವ ದಿನ, ಇಷ್ಟನ್ನು ಮೊದಲು ಬರೆದುಕೊಳ್ಳಿ. ಯಾವ ಊರು ಯಾವಾಗ ಎಂಬುದು ಅದರಿಂದಲೇ ಹೊರಡುತ್ತದೆ.

ನಿಮ್ಮ ಲೆಕ್ಕದಲ್ಲಿ ಸ್ವಿಟ್ಜರ್ಲೆಂಡ್ ಮೊದಲು ಬರಬೇಕು, ಅದೂ ಫೆಬ್ರವರಿಯೊಳಗೆ. ತಂದೆತಾಯಿ ಸ್ವಿಸ್ ಟ್ರಾವೆಲ್ ಪಾಸ್ ಕೊಂಡರೆ ಜೊತೆಗಿರುವ 16 ತುಂಬದ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಉಚಿತ. ರೈಲು, ಬಸ್ಸು, ದೋಣಿ ಎಲ್ಲಕ್ಕೂ ಅದು ನಡೆಯುತ್ತದೆ. ಪಾಸ್ ಕೊಳ್ಳುವಾಗಲೇ ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಹೋದರೆ ಮಗನಿಗೂ ಟಿಕೆಟ್ ಖರ್ಚಿಲ್ಲ, ಮಾರ್ಚ್‌ನಲ್ಲಿ ಹೋದರೆ ಅವನಿಗೂ ಪಾಸ್ ಬೇಕು. ಜರ್ಮನಿಯೊಳಗೆ ಈ ವಯಸ್ಸಿನ ಮಿತಿ 15. ದೊಡ್ಡವರ ಜೊತೆ ದೂರದ ರೈಲಿನಲ್ಲಿ 14 ವರ್ಷದವರೆಗಿನ ಮಕ್ಕಳಿಗೆ ಹಣವಿಲ್ಲ, ಆದರೆ ಟಿಕೆಟ್ ಮಾಡುವಾಗ ಮಗುವನ್ನೂ ಅದರಲ್ಲಿ ಸೇರಿಸಿರಬೇಕು. ಆದ್ದರಿಂದ ಬರ್ಲಿನ್, ಹ್ಯಾಂಬರ್ಗ್‌ನಂಥ ದೂರದ ಊರುಗಳನ್ನು ಮಗಳ ಜೂನ್‌ಗಿಂತ ಮುಂಚೆ, ಈಸ್ಟರ್ ರಜೆಗೆ ಇಟ್ಟುಕೊಳ್ಳಿ.

ಪ್ಯಾರಿಸ್ ಮತ್ತು ಇಟಲಿಗೆ ಅವಸರ ಬೇಡ. ಲೂವ್ರ್ ಮ್ಯೂಸಿಯಂ, ರೋಮ್‌ನ ಕೊಲೊಸಿಯಮ್, ಫ್ಲಾರೆನ್ಸ್‌ನ ಉಫೀಜಿ ಕಲಾ ಸಂಗ್ರಹಾಲಯ, ಎಲ್ಲಿಯೂ 18ರ ಒಳಗಿನವರಿಗೆ ಪ್ರವೇಶ ಉಚಿತ. ಉಚಿತವೆಂದು ನೇರ ಹೋಗಿ ನಿಂತರೆ ಮಾತ್ರ ಕೆಲಸವಾಗುವುದಿಲ್ಲ. ಮಕ್ಕಳ ಹೆಸರಿಗೂ ಸಮಯ ನಿಗದಿಯಾದ ಟಿಕೆಟ್ ಮೊದಲೇ ಮಾಡಿ, ವಯಸ್ಸಿನ ಸಾಕ್ಷಿಗೆ ಪಾಸ್‌ಪೋರ್ಟ್ ಒಯ್ಯಿರಿ. ಲೂವ್ರ್ ಮಂಗಳವಾರ ಮುಚ್ಚಿರುತ್ತದೆ. ಇಟಲಿಗೆ ಆಗಸ್ಟ್ ಬೇಡ, ಬಿಸಿಲಿಗೆ ಮಕ್ಕಳು ಮಧ್ಯಾಹ್ನವೇ ಕೈಚೆಲ್ಲುತ್ತಾರೆ. ಸ್ಟುಟ್‌ಗಾರ್ಟ್ ಇರುವ ರಾಜ್ಯದ ಶಾಲೆಗಳಿಗೆ ಮೇ ಕೊನೆ, ಜೂನ್ ಆರಂಭದಲ್ಲಿ ಎರಡು ವಾರದ ಪೆಂಟೆಕೋಸ್ಟ್ ಹಬ್ಬದ ರಜೆ ಸಿಗುತ್ತದೆ, ಅದು ಇಟಲಿಗೆ ಸರಿಯಾದ ಕಾಲ.

ರಜೆಗೆ ಎರಡು ದಿನ ಮೊದಲೇ ಹೊರಟರೆ ವಿಮಾನ ಅಗ್ಗವೆಂದು ಅನೇಕರು ಯೋಚಿಸುತ್ತಾರೆ. ಜರ್ಮನಿಯಲ್ಲಿ ಇದನ್ನು ಮಾಡಲೇಬೇಡಿ. ಅಲ್ಲಿ ಶಾಲೆಗೆ ಹಾಜರಾಗುವುದು ಕಾನೂನು, ಅನುಮತಿಯಿಲ್ಲದೆ ತಪ್ಪಿಸಿದರೆ ತಂದೆತಾಯಿಗೆ ದಂಡ ಬೀಳುತ್ತದೆ, ವಿಮಾನ ನಿಲ್ದಾಣದಲ್ಲೇ ಪೊಲೀಸರು ವಿಚಾರಿಸಿದ್ದೂ ಇದೆ.

ಸ್ವಿಟ್ಜರ್ಲೆಂಡ್ ವಿಷಯದಲ್ಲಿ ಎರಡು ಎಚ್ಚರಿಕೆ. ಅದು ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿದೆ, ಹಾಗಾಗಿ ಜರ್ಮನಿಯ ಪರ್ಮಿಟ್ ಸಾಕು. ಆದರೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಒಕ್ಕೂಟದೊಳಗೆ ಉಚಿತವಾಗಿರುವ ಮೊಬೈಲ್ ರೋಮಿಂಗ್ ಅಲ್ಲಿ ಇರಬೇಕೆಂದಿಲ್ಲ. ಕಾನ್‌ಸ್ಟಾಂಜ್ ಸರೋವರದ (ಜರ್ಮನಿ, ಸ್ವಿಟ್ಜರ್ಲೆಂಡ್ ಗಡಿಯಲ್ಲಿದೆ) ದಡದಲ್ಲಿ ಕೂತಾಗಲೇ ಫೋನು ಸ್ವಿಸ್ ನೆಟ್‌ವರ್ಕಿಗೆ ಹಾರಿ, ಮಕ್ಕಳು ವಿಡಿಯೊ ನೋಡಿದ್ದಕ್ಕೆ ದೊಡ್ಡ ಬಿಲ್ ಬರಬಹುದು. ಗಡಿಗೆ ಮುಂಚೆಯೇ ಅವರ ಡೇಟಾ ರೋಮಿಂಗ್ ಬಂದ್ ಮಾಡಿಸಿ. ಎರಡನೆಯದು ಆರೋಗ್ಯ ವಿಮೆ. ಜರ್ಮನಿಯ ಸರಕಾರಿ ವಿಮೆ ಕಾರ್ಡಿನ ಹಿಂಬದಿಯಲ್ಲಿರುವ ಯುರೋಪಿಯನ್ ಕಾರ್ಡ್, ಭಾರತೀಯ ಪ್ರಜೆಗಳಿಗೆ ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗಳಲ್ಲಿ ನಡೆಯುವುದಿಲ್ಲ. ಮಕ್ಕಳು ಸ್ಕೀಯಿಂಗ್ ಮಾಡುವುದಾದರೆ ಹೆಲಿಕಾಪ್ಟರ್ ರಕ್ಷಣೆಯೂ ಸೇರಿರುವ ವಾರ್ಷಿಕ ಪ್ರವಾಸ ವಿಮೆಯನ್ನು ಇಡೀ ಕುಟುಂಬಕ್ಕೆ ಮಾಡಿಸಿ. ಇದರಲ್ಲಿ ಉಳಿತಾಯ ನೋಡುವುದು ಸರಿಯಲ್ಲ.

ಇನ್ನು ಪಾಸ್‌ಪೋರ್ಟ್. ಮಕ್ಕಳ ಭಾರತೀಯ ಪಾಸ್‌ಪೋರ್ಟ್ 5 ವರ್ಷಕ್ಕೆ ಸಿಗುತ್ತದೆ, 15 ತುಂಬಿದ ಮೇಲೆ ಬೇಕೆಂದರೆ 10 ವರ್ಷದ್ದನ್ನು ಕೇಳಬಹುದು. ಮಗಳದ್ದು ಮುಂದಿನ ವರ್ಷದ ಕೊನೆಗೆ ಮುಗಿಯುವುದಾದರೆ ಜೂನ್ ಕಳೆದ ಮೇಲೆಯೇ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್‌ಗೆ ಅರ್ಜಿ ಹಾಕಿ. ಅದಕ್ಕಿಂತ ಮೊದಲೇ ಮುಗಿಯುವುದಾದರೆ ಕಾಯಬೇಡಿ, ಏಕೆಂದರೆ ರೆಸಿಡೆನ್ಸ್ ಪರ್ಮಿಟ್ ಅನ್ನು ಸಾಮಾನ್ಯವಾಗಿ ಪಾಸ್‌ಪೋರ್ಟ್ ಮುಗಿಯುವ ದಿನದಾಚೆಗೆ ಕೊಡುವುದಿಲ್ಲ. ಪರ್ಮಿಟ್ ನವೀಕರಣಕ್ಕೆ ಕೊಟ್ಟು ಕೈಯಲ್ಲಿ ತಾತ್ಕಾಲಿಕ ಕಾಗದ ಮಾತ್ರ ಇದ್ದಾಗ ಪ್ರವಾಸ ಹೊರಡುವ ಮುನ್ನ ಅದನ್ನು ಬಿಡಿಸಿ ಓದಿ: ಜರ್ಮನಿಯ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿಗೆ ಗುರುತು ಹಾಕಿದ್ದರೆ ಹೊರಗೆ ಹೋಗಿ ಮರಳಬಹುದು, 3ನೇ ಉಪಕಲಮಿಗೆ ಹಾಕಿದ್ದರೆ ಮರಳಿ ಬರುವ ಹಕ್ಕು ಇಲ್ಲ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಆರಂಭಿಸಿದೆ. ರೈಲಿನಲ್ಲೂ ಕೇಳುತ್ತಾರೆ. ಫೋನಿನಲ್ಲಿರುವ ಫೋಟೊ ಸಾಲದು, ಮಕ್ಕಳದ್ದೂ ಅಸಲು ಪಾಸ್‌ಪೋರ್ಟ್, ಅಸಲು ಪರ್ಮಿಟ್ ಕಾರ್ಡ್ ಬೇಕು.

ರೈಲು ಪಾಸ್ ಬಗ್ಗೆ: ಯುರೋಪಿನಲ್ಲಿ ವಾಸವಿರುವುದರಿಂದ ಹಲವು ದೇಶಗಳ ರೈಲಿಗೆ ನಡೆಯುವ ಪಾಸ್‌ಗಳಲ್ಲಿ ನಿಮಗೆ ಇಂಟರ್‌ರೈಲ್ ಅನ್ವಯಿಸುತ್ತದೆ, ಯುರೋಪಿನ ಹೊರಗಿನವರ ಯೂರೈಲ್ ಅಲ್ಲ. 12ರಿಂದ 27 ವಯಸ್ಸಿನವರಿಗೆ ರಿಯಾಯಿತಿ ದರ. ವಾಸವಿರುವ ದೇಶದಲ್ಲಿ, ಅಂದರೆ ಜರ್ಮನಿಯಲ್ಲಿ, ಹೋಗಲೊಂದು, ಬರಲೊಂದು ಪ್ರಯಾಣ ಮಾತ್ರ. ಫ್ರಾನ್ಸಿನ ವೇಗದ ರೈಲು ಟಿಜಿವಿಯಲ್ಲಿ ಸೀಟು ಕಾಯ್ದಿರಿಸಲು ಬೇರೆ ಹಣ ಕೊಡಬೇಕು, ಪಾಸ್‌ನವರಿಗೆ ಇಟ್ಟಿರುವ ಸೀಟುಗಳೂ ಕಡಿಮೆ. ಸ್ಟುಟ್‌ಗಾರ್ಟಿನಿಂದ ಪ್ಯಾರಿಸ್ಸಿಗೆ ನೇರ ರೈಲಿನಲ್ಲಿ ಮೂರು ತಾಸು ಚಿಲ್ಲರೆ ಅಷ್ಟೆ, ಅಷ್ಟಕ್ಕೆ ಪಾಸ್ ಕೊಳ್ಳುವುದು ನಷ್ಟ. ತಿಂಗಳುಗಳ ಮೊದಲು ಮಾಡಿದ ಸಾದಾ ಟಿಕೆಟ್ಟೇ ಅಗ್ಗ.

ಹೋಟೆಲಿನಲ್ಲಿ ಹದಿಹರೆಯದವರನ್ನು ಹೆಚ್ಚಾಗಿ ದೊಡ್ಡವರೆಂದೇ ಎಣಿಸುತ್ತಾರೆ, ಡಬಲ್ ರೂಮಿಗೆ ನಾಲ್ವರನ್ನು ಬಿಡುವುದಿಲ್ಲ. ಬುಕ್ ಮಾಡುವಾಗ ವಯಸ್ಸು ಸರಿಯಾಗಿ ನಮೂದಿಸಿ. ಜರ್ಮನಿಯ ಯೂತ್ ಹಾಸ್ಟೆಲ್‌ಗಳ ನಾಲ್ಕು ಹಾಸಿಗೆಯ ಕೋಣೆ ನಿಮ್ಮಂಥ ಕುಟುಂಬಕ್ಕೆ ಹೇಳಿ ಮಾಡಿಸಿದ್ದು. ಕುಟುಂಬ ಸದಸ್ಯತ್ವ ಮೊದಲೇ ಮಾಡಿಸಿಕೊಳ್ಳಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಆದರೆ ಊರಿನ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಬಿಸಿಯಾಗುವುದಿಲ್ಲ, ಇಂಡಕ್ಷನ್ ತಳದ ಸ್ಟೀಲಿನದ್ದು ಬೇಕು. ಕುಚ್ಚಲಕ್ಕಿ ಬೇಯಲು ಕಾಯುತ್ತ ಕೂರುವ ಬದಲು ಅವಲಕ್ಕಿ, ಶ್ಯಾವಿಗೆ, ಬೆಳ್ತಿಗೆ ಅಕ್ಕಿ ಒಯ್ಯಿರಿ.

ಮಕ್ಕಳು ಒಪ್ಪುವುದಿಲ್ಲ ಎಂದಿರಿ. ಪ್ರತಿ ಪ್ರವಾಸದಲ್ಲೂ ಒಂದೊಂದು ಇಡೀ ದಿನವನ್ನು ಒಬ್ಬೊಬ್ಬರಿಗೆ ಬಿಟ್ಟುಕೊಡಿ. ಇಷ್ಟು ಯೂರೊ, ರಾತ್ರಿ ಇಷ್ಟು ಗಂಟೆಗೆ ವಾಪಸ್, ಉಳಿದದ್ದೆಲ್ಲ ಅವರ ತೀರ್ಮಾನ. ನೀವು ಹಿಂದೆ ನಡೆಯಿರಿ. ಉಳಿದ ದಿನಗಳಲ್ಲಿ ಬೆಳಗ್ಗೆ ಹತ್ತಕ್ಕೆ ಮೊದಲು ಏನನ್ನೂ ಇಡಬೇಡಿ, ಮಧ್ಯಾಹ್ನಕ್ಕೊಂದೇ ದೊಡ್ಡ ಜಾಗ ಸಾಕು. ಅಣ್ಣತಂಗಿ ಇಬ್ಬರೇ ಎರಡು ತಾಸು ಸುತ್ತಲು ಹೊರಟರೆ ಹೋಟೆಲಿನ ವಿಳಾಸ ಕಾಗದದಲ್ಲಿ, ಸೇರುವ ಜಾಗ ನಿಗದಿ, ತುರ್ತಿಗೆ 112. ಈ ವಯಸ್ಸಿನವರಿಗೆ ಆ ಎರಡು ತಾಸೇ ಪ್ರವಾಸದ ನಿಜವಾದ ಖುಷಿ, ಅದನ್ನು ಕಿತ್ತುಕೊಳ್ಳಬೇಡಿ.

ಪ್ರಶ್ನೆ: ಸುರತ್ಕಲ್‌ನವಳು, ಡಬ್ಲಿನ್‌ನಲ್ಲಿ ನರ್ಸ್. 13 ಮತ್ತು 15ರ ಮಕ್ಕಳು ನನ್ನ ಜೊತೆಗಿದ್ದಾರೆ, ಗಂಡ ದುಬೈಯಲ್ಲಿ. ಮಕ್ಕಳ ಪಾಸ್‌ಪೋರ್ಟಿನಲ್ಲಿ ಅಪ್ಪನ ಸರ್‌ನೇಮ್, ನನ್ನದರಲ್ಲಿ ನನ್ನ ಮನೆತನದ್ದು. ನಾನೊಬ್ಬಳೇ ಅವರನ್ನು ಪ್ಯಾರಿಸ್ಸಿಗೆ ಕರೆದೊಯ್ಯಬಹುದೇ?

ಉತ್ತರ: ಕರೆದೊಯ್ಯಬಹುದು, ಆದರೆ ವೀಸಾ ಬೇಕು. ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ, ನಿಮ್ಮ ಐರಿಷ್ ವಾಸದ ಕಾರ್ಡ್ ಫ್ರಾನ್ಸಿಗೆ ಪ್ರವೇಶ ಕೊಡುವುದಿಲ್ಲ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳಿಂದ 15 ದಿನ ಮೊದಲಿನವರೆಗೆ ಹಾಕಬಹುದು. ರಜೆಯ ಕಾಲಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಮೂರು ತಿಂಗಳು ಮೊದಲೇ ಹಾಕಿ. ಇಬ್ಬರೂ ಮಕ್ಕಳಿಗೆ 12 ದಾಟಿರುವುದರಿಂದ ದೊಡ್ಡವರಂತೆ 90 ಯೂರೊ ಶುಲ್ಕ, ಬೆರಳಚ್ಚೂ ಕೊಡಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ.

ತುಳುನಾಡಿನ ಮನೆಗಳಲ್ಲಿ ತಾಯಿ, ಮಕ್ಕಳ ಸರ್‌ನೇಮ್ ಬೇರೆಯಿರುವುದು ಹೊಸತಲ್ಲ, ಗಡಿಯ ಅಧಿಕಾರಿಗೆ ಅದು ಗೊತ್ತಿರುವುದಿಲ್ಲ. ಮಕ್ಕಳ ಅಸಲು ಜನನ ಪ್ರಮಾಣಪತ್ರ, ಗಂಡನ ಸಹಿಯಿರುವ ಒಪ್ಪಿಗೆ ಪತ್ರ, ಅವರ ಪಾಸ್‌ಪೋರ್ಟಿನ ಪ್ರತಿ ಜೊತೆಗಿರಲಿ. ಪತ್ರದಲ್ಲಿ ಪ್ರಯಾಣದ ದಿನಾಂಕ, ದೇಶ, ಮಕ್ಕಳ ಪಾಸ್‌ಪೋರ್ಟ್ ನಂಬರ್ ಬರೆದು ನೋಟರಿ ಮಾಡಿಸಿದರೆ ಒಳ್ಳೆಯದು. ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯ, ನಾಮಕರಣಕ್ಕೆ ಮೊದಲೇ ನೋಂದಣಿ ಆಗಿರುತ್ತದಲ್ಲ. ಹೆಸರು ಸೇರಿಸಲು ನೋಂದಣಿಯಾದ ದಿನದಿಂದ 15 ವರ್ಷದ ಅವಧಿ ಇದೆ. 13ರ ಮಗುವಿನದ್ದನ್ನು ಇವತ್ತೇ ತೆಗೆದು ನೋಡಿ.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ವಿಷಯವನ್ನೂ ಹೇಳಿಬಿಡುತ್ತೇವೆ. ಡಬ್ಲಿನ್‌ನಿಂದ ಬಸ್ಸಿನಲ್ಲಿ ಹೋದರೆ ಗಡಿಯಲ್ಲಿ ಯಾರೂ ನಿಲ್ಲಿಸದಿರಬಹುದು. ಆದರೂ ಅದು ಬ್ರಿಟನ್, ಭಾರತೀಯ ಪಾಸ್‌ಪೋರ್ಟಿಗೆ ಬ್ರಿಟಿಷ್ ವೀಸಾ ಬೇಕೇ ಬೇಕು. ದೊಡ್ಡ ಮಗುವಿಗೆ 16 ತುಂಬಿದೊಡನೆ ಸ್ವಂತ ಐರಿಷ್ ವಲಸೆ ನೋಂದಣಿ ಮಾಡಿಸಿ.

ಪ್ರಶ್ನೆ: ಕಾಪುವಿನವರು, ಈಗ ಮ್ಯೂನಿಕ್‌ನಲ್ಲಿದ್ದೇವೆ. ಆಗಸ್ಟ್‌ನಲ್ಲಿ ಮಕ್ಕಳೊಂದಿಗೆ ಊರಿಗೆ ಬರುತ್ತೇವೆ. ಏನು ಗಮನಿಸಬೇಕು?

ಉತ್ತರ: ಮಳೆಗಾಲದಲ್ಲಿ ಬಜಪೆಯ ವಿಮಾನಗಳು ಬೇರೆ ಊರಿಗೆ ತಿರುಗುವುದುಂಟು, ಘಾಟಿ ರಸ್ತೆಯೂ ಕುಸಿಯುತ್ತದೆ. ಮಂಗಳೂರಿನವರೆಗೂ ಒಂದೇ ಟಿಕೆಟ್ ಮಾಡಿ. ಬೆಂಗಳೂರು, ಮುಂಬಯಿಯಿಂದ ಬೇರೆ ಟಿಕೆಟ್ ಕೊಂಡರೆ ಲಗೇಜು ಸಾಮಾನ್ಯವಾಗಿ ತಲೆಗೆ 15 ಕಿಲೊಗೆ ಇಳಿಯುತ್ತದೆ, ತಪ್ಪಿದ ವಿಮಾನದ ಹಣವೂ ಹೋಗುತ್ತದೆ. ಮರಳುವಾಗ ದೊಡ್ಡ ವಿಮಾನದ ಊರಿಗೆ ಹಿಂದಿನ ದಿನವೇ ತಲುಪಿ. ಜರ್ಮನಿಯ ಸರಕಾರಿ ವಿಮೆ ಭಾರತದಲ್ಲಿ ನಡೆಯುವುದಿಲ್ಲ, ಆ ಐದಾರು ವಾರಕ್ಕೆ ಬೇರೆ ವಿಮೆ ಬೇಕು. ಮಗುವನ್ನು ಊರಿನ ಶಾಲೆಯಲ್ಲಿ ಬಿಟ್ಟು ಬರುವ ಯೋಚನೆಯಿದ್ದರೆ, 6 ತಿಂಗಳು ಮೀರಿ ಹೊರಗಿದ್ದರೆ ಸಾಮಾನ್ಯ ಪರ್ಮಿಟ್ ರದ್ದಾಗುತ್ತದೆ; ಉನ್ನತ ಕೌಶಲದ ಉದ್ಯೋಗಿಗಳಿಗೆ ಸಿಗುವ ಬ್ಲೂ ಕಾರ್ಡ್ ಇರುವ ಕುಟುಂಬಕ್ಕೆ ಈ ಮಿತಿ 12 ತಿಂಗಳು.

ಅಜ್ಜಿ ಕಟ್ಟಿಕೊಡುವ ಗಂಟಿನಲ್ಲಿ ತುಪ್ಪ, ಪೇಡೆ, ಹಾಲಿನ ತಿಂಡಿ, ಮಾಂಸದ ಪದಾರ್ಥ ಇರಬಾರದು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಇವನ್ನು ತರುವಂತಿಲ್ಲ. ಮಾವು, ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ಅನಾನಸು, ತೆಂಗಿನಕಾಯಿಗೆ ಅದು ಬೇಡ, ಆದರೆ ಒಣ ಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯಲೇ ಬಿಡುವುದಿಲ್ಲ. ಒಣಮೀನು ತಲಾ 20 ಕಿಲೊವರೆಗೆ ತರಬಹುದು, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಮುಚ್ಚಿಸಿ. ಉಪ್ಪಿನಕಾಯಿ ದ್ರವದ ಲೆಕ್ಕ, ಕೈಚೀಲದಲ್ಲಿ ಬೇಡ, ಚೆಕ್ ಇನ್ ಪೆಟ್ಟಿಗೆಗೆ ಹಾಕಿ.