ನೆಲ ಹಸಿ ಇದ್ದರೂ ಎಲೆ ಯಾಕೆ ಸುಟ್ಟಿದೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗ ಅಲ್ಲಿನ ದ್ರಾಕ್ಷಿ ತೋಟದ ಫೋಟೊ ಕಳಿಸಿದ್ದಾನೆ. ಡ್ರಿಪ್ ಇದೆ, ನೆಲ ಹಸಿ ಇದೆ, ಆದರೂ ಎಲೆಯ ಅಂಚೆಲ್ಲ ಸುಟ್ಟಂತಾಗಿದೆ. ಅದು ಪಿಯರ್ಸ್ ರೋಗ, ಬ್ಯಾಕ್ಟೀರಿಯಾದಿಂದ ಬರುತ್ತದಂತೆ. ಬಳ್ಳಿ ಸುಮ್ನೆ ಸಾಯುತ್ತಾ? ತಿರುಗಿ ಏನೂ ಮಾಡಲ್ವಾ?
– ಓದುಗರೊಬ್ಬರು, ತಿಕೋಟಾ

ಉತ್ತರ: ಮಾಡುತ್ತದೆ. ಸಂಕಟ ಇರುವುದೇ ಅಲ್ಲಿ.

ಈ ಬ್ಯಾಕ್ಟೀರಿಯಾದ ಹೆಸರು ಕ್ಸೈಲೆಲ್ಲಾ. ರಸ ಹೀರುವ ಒಂದು ಜಾತಿಯ ಜಿಗಿಹುಳು ಇದನ್ನು ಬಳ್ಳಿಯಿಂದ ಬಳ್ಳಿಗೆ ದಾಟಿಸುತ್ತದೆ. ಬೇರಿನಿಂದ ಎಲೆಗೆ ನೀರು ಏರುವ ಸಣ್ಣ ಕೊಳವೆಗಳೇ ಇದರ ಮನೆ. ಕೊಳವೆಗಳ ನಡುವಿನ ತೆಳು ಪರದೆಯನ್ನು ಕರಗಿಸಿಕೊಂಡು ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಆಗ ಬಳ್ಳಿ ದಾರಿ ಮುಚ್ಚಲು ಹೊರಡುತ್ತದೆ. ಕೊಳವೆಯ ಪಕ್ಕದ ಜೀವಕೋಶಗಳು ಬಲೂನಿನ ಹಾಗೆ ಉಬ್ಬಿ ಒಳಗೆ ನುಗ್ಗಿ ಅದನ್ನು ತುಂಬಿಬಿಡುತ್ತವೆ. ಇದಕ್ಕೆ ಟೈಲೋಸ್ ಅಂತಾರೆ. ರೋಗಕ್ಕೆ ಬೇಗ ಬೀಳುವ ತಳಿಗಳಲ್ಲಿ ಇದು ಎಷ್ಟು ಜಾಸ್ತಿಯಾಗುತ್ತದೆಂದರೆ, ಬ್ಯಾಕ್ಟೀರಿಯಾ ತುಂಬಿ ಕಟ್ಟಿದ ಕೊಳವೆಗಳಿಗಿಂತ ಬಳ್ಳಿ ತಾನೇ ಮುಚ್ಚಿಕೊಂಡ ಕೊಳವೆಗಳೇ ಹೆಚ್ಚು. ಡ್ರಿಪ್‌ನ ಲ್ಯಾಟರಲ್ ಪೈಪು ಕಟ್ಟಿಕೊಂಡರೆ ಬೋರ್‌ವೆಲ್ಲಿನಲ್ಲಿ ನೀರಿದ್ದೂ ಗಿಡ ಒಣಗುತ್ತದಲ್ವಾ, ಹಾಗೆ.

ಮಗನಿಗೆ ಒಂದು ಗುರುತು ಹೇಳಿ. ಈ ರೋಗದಲ್ಲಿ ಎಲೆ ಉದುರುತ್ತದೆ, ತೊಟ್ಟು ಮಾತ್ರ ಉರಿದ ಬೆಂಕಿಕಡ್ಡಿಯ ಹಾಗೆ ಕೊಂಬೆಯಲ್ಲೇ ನಿಂತಿರುತ್ತದೆ. ಮಾಗುತ್ತಿರುವ ಕಂದು ಕಡ್ಡಿಯ ಮೇಲೆ ಅಲ್ಲಲ್ಲಿ ಹಸಿರು ತೇಪೆ ಉಳಿಯುತ್ತದೆ. ಬರೀ ನೀರಿನ ಕೊರತೆಯಾದರೆ ಹೀಗಾಗುವುದಿಲ್ಲ.

1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್ ಊರಿನ ಸುತ್ತಲಿನ ಸಾವಿರಾರು ಎಕರೆ ದ್ರಾಕ್ಷಿ ಇದರಿಂದಲೇ ಹೋಯಿತು. ಬಹಳ ಕಾಲ ವೈರಸ್ ಅಂತಲೇ ನಂಬಿದ್ದರು. ಬ್ಯಾಕ್ಟೀರಿಯಾ ಅಂತ ಖಚಿತವಾದದ್ದು 1978ರಲ್ಲಿ. ರೋಗ ತಗುಲಿದ ಬಳ್ಳಿಗೆ ಇವತ್ತಿಗೂ ಮದ್ದಿಲ್ಲ, ಕಿತ್ತು ಹಾಕುವುದೇ. ಆದರೆ ಮೆಕ್ಸಿಕೊದ ಒಂದು ಕಾಡು ದ್ರಾಕ್ಷಿಯಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚು ಬೆಳೆಯುವುದೇ ಇಲ್ಲ. ಆ ಗುಣವನ್ನು ವೈನ್ ದ್ರಾಕ್ಷಿಗೆ ಕೂಡಿಸಿ, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದವರು 2019ರಲ್ಲಿ ಐದು ಹೊಸ ತಳಿ ಬಿಟ್ಟರು. ಅದಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ನನಗೆ ಇದು ಔಷಧ ಹೊಡೆಯುವುದಕ್ಕಿಂತ ದೊಡ್ಡ ಕೆಲಸ ಅನಿಸುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಬರುವ ದುಂಡಾಣು ಎಲೆಚುಕ್ಕೆ ಬೇರೆ. ಅದು ಕ್ಸಾಂಥೊಮೊನಾಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಮಳೆಹನಿ ಸಿಡಿದು ಹರಡುತ್ತದೆ, 1972ರಲ್ಲಿ ಭಾರತದಿಂದಲೇ ಮೊದಲು ವರದಿಯಾದದ್ದು. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಇನ್ನೊಂದು ಮಾತು. ಮಗ ಊರಿಗೆ ಬರುವಾಗ ಆಸೆಪಟ್ಟು ಅಲ್ಲಿಯ ದ್ರಾಕ್ಷಿ ಕಡ್ಡಿ ತರದಿರಲಿ. ಹೊರಗೆ ಹಸಿರಾಗಿ ಕಾಣುವ ಕಡ್ಡಿಯೊಳಗೂ ಕ್ಸೈಲೆಲ್ಲಾ ಇರಬಹುದು.